ಎಮ್ಮೆ ಘಾಟಿನಿಂದ ಇಳಿಸಿದ ಕಯಾಕ್

ಕಳೆದ ವಾರ ಪಕ್ಕದ ಮನೆಯವರ ನೀರಿನ ಟ್ಯಾಂಕು ಸೀಳುಬಿಟ್ಟಿತ್ತು. ರಿಪೇರಿಗೆ ಬಂದವನು ತಾರಸಿಯ ಮೇಲೆ ಕುಕ್ಕರುಗಾಲಲ್ಲಿ ಕೂತು, ಫೈಬರ್ ಚಾಪೆಯ ತುಂಡಿನ ಮೇಲೆ ರಾಳ ಬಳಿಯತೊಡಗಿದ. ಮೂಗಿಗೆ ಮೊಳೆ ಹೊಡೆದಂಥ ಆ ವಾಸನೆ ನಮ್ಮ ಅಡುಗೆಮನೆಗೂ ನುಗ್ಗಿತು. ಮನೆಯವರೆಲ್ಲ ಕಿಟಕಿ ಮುಚ್ಚಿದರು. ನಾನೊಬ್ಬಳು ನನ್ನ ಕೋಣೆಯ ಕಿಟಕಿ ತೆರೆದು ಕೂತೆ. ಸೂರತ್ತಿನಲ್ಲಿ ಕಳೆದ ಒಂದು ಚಳಿಗಾಲ ಪೂರ್ತಿಯಾಗಿ ನೆನಪಿಗೆ ಬಂತು.

ಹೊಸ ಶತಮಾನ ಶುರುವಾಗಿ ಮೂರ್ನಾಲ್ಕು ವರ್ಷ ಆಗಿತ್ತು. ನನಗೆ ಇಪ್ಪತ್ತಾರು. ಪಾಂಡೇಸರಾದ ಒಂದು ಡೈಯಿಂಗ್ ಮಿಲ್ಲಿನ ಲ್ಯಾಬಿನಲ್ಲಿ ಬಣ್ಣ ಹೊಂದಿಸುವ ಕೆಲಸ. ವ್ಯಾಪಾರಿ ಒಂದು ತುಂಡು ಬಟ್ಟೆ ತಂದು ಕೊಡುತ್ತಾನೆ, ಅದೇ ಬಣ್ಣ ನಾವು ಬೀಕರಿನಲ್ಲಿ ಹುಟ್ಟಿಸಬೇಕು. ಉಗುರಿನ ಸಂದಿಯಲ್ಲಿ ಸದಾ ನೀಲಿಯೋ ಕೆಂಪೋ ಇರುತ್ತಿತ್ತು. ಭದ್ರಾವತಿಯಿಂದ ಅಷ್ಟು ದೂರ ಹೋಗಿದ್ದು ಯಾಕೆ ಎಂದು ಎಲ್ಲರೂ ಕೇಳುತ್ತಿದ್ದರು. ಅವರ ಪ್ರಶ್ನೆಯ ಅರ್ಥ, ಇಂಥ ಕಾಲು ಇಟ್ಟುಕೊಂಡು ಯಾಕೆ ಹೋದೆ ಎಂದು. ಎರಡು ವರ್ಷದವಳಿದ್ದಾಗ ಪೋಲಿಯೊ ಬಂದು ನನ್ನ ಎಡಗಾಲು ಸಣಕಲಾಗಿ ಉಳಿದಿತ್ತು. ತೊಡೆಯಿಂದ ಪಾದದವರೆಗೆ ಕಬ್ಬಿಣದ ಪಟ್ಟಿಯ ಕ್ಯಾಲಿಪರ್ ಕಟ್ಟಿಕೊಂಡು ನಡೆಯುತ್ತಿದ್ದೆ. ಡಾಕ್ಟರು ಹೇಳಿದರೆಂದು ಅಪ್ಪ ಚಿಕ್ಕಂದಿನಲ್ಲೇ ಭದ್ರಾ ಚಾನಲ್‌ನಲ್ಲಿ ಈಜು ಕಲಿಸಿದ್ದರು. ನೀರಿನಲ್ಲಿ ನಾನು ಯಾರಿಗೂ ಕಡಿಮೆ ಇರಲಿಲ್ಲ. ನೆಲದ ಮೇಲೆ ಮಾತ್ರ ಎಲ್ಲರೂ ನನ್ನನ್ನು ಹಿಡಿದುಕೊಳ್ಳಲು ಓಡಿ ಬರುತ್ತಿದ್ದರು.

ಮಿಲ್ಲಿನ ಹಿಂದಿನ ಗಲ್ಲಿಯಲ್ಲಿ ಜಿಗ್ನೇಶ್‌ಭಾಯಿ ಎಂಬವರ ಫೈಬರ್ ಟ್ಯಾಂಕಿನ ವರ್ಕ್‌ಶಾಪ್ ಇತ್ತು. ಟ್ಯಾಂಕುಗಳ ಹಿಂದೆ ಒಬ್ಬರೇ ಕೂತು ಹುಟ್ಟು ಹಾಕುವ ಎರಡು ಹಳದಿ ಕಯಾಕ್ ದೋಣಿಗಳು ಬೋರಲಾಗಿ ಬಿದ್ದಿದ್ದವು. ಯಾವುದೋ ರೆಸಾರ್ಟಿನವರು ಮಾಡಿಸಿ ಒಯ್ಯದೆ ಬಿಟ್ಟವು. ಒಳಗೆ ಕಾಲು ತೂರಿಸುವ ಜಾತಿಯವಲ್ಲ, ಮೇಲೆ ಕೂರುವಂಥವು. ಅಗಲವಾಗಿ, ತೊಟ್ಟಿಲಿನಂತೆ ನಡುವೆ ಒಂದು ತಗ್ಗು. ಒಂದು ದಿನ ಒಂದರ ಮೇಲೆ ಕೂತು ನೋಡಿದೆ.

"ಬೇಕಾದರೆ ಒಯ್ಯಿರಿ ಬೆನ್, ಜಾಗ ಖಾಲಿಯಾದರೆ ಸಾಕು," ಎಂದು ಜಿಗ್ನೇಶ್‌ಭಾಯಿ ನಕ್ಕರು. ಬೆನ್ ಎಂದರೆ ಅಲ್ಲಿ ಅಕ್ಕ ಎಂದಂತೆ. ತಮಾಷೆಗೆ ಹೇಳಿದ್ದರು. ನಾನು ಮಾರನೆಯ ದಿನವೇ ಟೆಂಪೊ ತಂದೆ.

ಗಾಳ ಹಾಕುವ ಹುಚ್ಚು ಹತ್ತಿಸಿದವನು ಸುಂದರಣ್ಣ. ಮಿಲ್ಲಿಗೆ ಹತ್ತಿರದ ಉಧನಾದಲ್ಲಿ ನಾನು ದಿನಾ ಊಟ ಮಾಡುತ್ತಿದ್ದ ಉಡುಪಿ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದ. ಐವತ್ತು ದಾಟಿದ ಕುಂದಾಪುರದ ಕಡೆಯವನು. ಹೋಟೆಲಿಗೆ ಬರುವ ಮೊದಲು ಇಪ್ಪತ್ತು ವರ್ಷ ಒಬ್ಬನೇ ಕೂರುವ ಮರದ ದೋಣಿಯಲ್ಲಿ ಗಾಳ ಹಾಕಿ ಬದುಕಿದ್ದ. ಕಾವಲಿಯ ಮುಂದೆ ನಿಂತು ಬೆವರುತ್ತ ಅವನು ಮಾತಾಡುತ್ತಿದ್ದುದೆಲ್ಲ ಮೀನಿನದೇ. ಕಯಾಕ್ ಸಿಕ್ಕಿದ ಸುದ್ದಿ ಹೇಳಿದಾಗ ಸಟ್ಟುಗ ಕೆಳಗಿಟ್ಟ.

"ಹ್ವಾಯ್ ತಂಗಿ, ಹೌದಾ! ತಾಪಿಯಲ್ಲಿ ಕಟ್ಲಾ ಮೀನ್ ಇತ್ತಂಬ್ರ್. ಒಂದ್ ಹಿಡುಕಾತ್ತಾ ಕಾಂಬ."

ರಾಂದೇರ್ ಕಡೆಯ ಕಾಜ್‌ವೇ ಕಟ್ಟೆಯಿಂದಾಗಿ ಅದರ ಮೇಲ್ಭಾಗದ ತಾಪಿ ನದಿ ಕೆರೆಯಂತೆ ತುಂಬಿ ನಿಲ್ಲುತ್ತದೆ. ಅಲ್ಲಿ ಗಾಳ ಹಾಕುವ ಹವ್ಯಾಸಿಗಳ ಒಂದು ಸಣ್ಣ ಮಂಡಳಿ ಇತ್ತು. ಮೆಟ್ಟಿಲು, ದೋಣಿ ಇಡುವ ಶೆಡ್ಡು, ಬೀಗವಿರುವ ಗೇಟು. ಅದನ್ನು ನೋಡಿಕೊಳ್ಳುತ್ತಿದ್ದವರು ಕೆರ್ಸಿ ಅಂಕಲ್ ಎಂಬ ಪಾರ್ಸಿ ಹಿರಿಯರು. ಬಿಳಿ ಚಡ್ಡಿ, ಬಿಳಿ ಟೋಪಿ, ಬಾಯಿ ತುಂಬ 'ಡಿಕರಿ' ಎಂಬ ಅಕ್ಕರೆ. ಮಗಳೇ ಎಂದು ಅದರ ಅರ್ಥ. ಕೆಟ್ಟವರಾಗಿದ್ದರೆ ಜಗಳ ಸುಲಭವಾಗುತ್ತಿತ್ತು. ಅವರು ಒಳ್ಳೆಯವರು.

"ಅರೇ ಡಿಕರಿ, ನೀನು ಮೇಲೆ ನೆರಳಲ್ಲಿ ಕೂತುಕೋ. ಮೀನು ನಾವು ಹಿಡಿದು ಕೊಡುತ್ತೇವೆ," ಎಂದರು ಹಿಂದಿಯಲ್ಲಿ.

"ನನಗೆ ಮೀನು ಬೇಡ ಅಂಕಲ್. ಹಿಡಿಯುವುದು ಬೇಕು."

ಅವರು ಒಂದು ಫಾರಂ ಕೊಟ್ಟರು. ಹೆಂಗಸರು ನೀರಿಗಿಳಿಯಬೇಕಾದರೆ ತಂದೆ ಅಥವಾ ಗಂಡನ ಸಹಿ ಬೇಕು. ಅಲ್ಲೇ ಕಟ್ಟೆಯ ಮೇಲೆ ಕೂತು ಆ ಜಾಗದಲ್ಲಿ ನನ್ನ ಹೆಸರನ್ನೇ ಬರೆದು ಸಹಿ ಹಾಕಿದೆ.

"ಯೇ ತೋ ತುಮ್ಹಾರಾಚ್ ನಾಮ್ ಹೈ! ನಿನ್ನದೇ ಹೆಸರು!" ಎಂದರು ಕನ್ನಡಕ ಏರಿಸಿ.

"ಹೌದು. ನನಗೆ ಏನಾದರೂ ಆದರೆ ಕೇಳಬೇಕಾದವಳು ನಾನೇ."

ಅವರು ಆ ಕಾಗದವನ್ನು ಮೇಜಿನ ಖಾನೆಗೆ ಹಾಕಿ, ಗೇಟಿನ ಬೀಗ ತೆಗೆದರು.

ಸುಂದರಣ್ಣನ ಪಾಠ ಮಾತ್ರ ನೀರಿನಲ್ಲಿ ಶುರುವಾಗಲಿಲ್ಲ, ಹೋಟೆಲಿನ ಉಗ್ರಾಣದಲ್ಲಿ ಶುರುವಾಯಿತು. ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿಗೆ ಮುಂಚೆ ಸಿಗುವ ಒಂದು ಗಂಟೆಯಲ್ಲಿ, ಗ್ಯಾಸ್ ಸಿಲಿಂಡರ್ ಸಾಗಿಸುವ ನಾಲ್ಕು ಚಕ್ರದ ತಳ್ಳುಗಾಡಿಯ ಮೇಲೆ ನನ್ನನ್ನು ಕೂರಿಸಿದ. ಕೈಗೆ ರೀಲು ಇರುವ ಗಾಳದ ಕೋಲು ಕೊಟ್ಟ. ದಾರದ ಇನ್ನೊಂದು ತುದಿಯನ್ನು ಟವೆಲ್ ಸುತ್ತಿದ ತನ್ನ ಮುಷ್ಟಿಗೆ ಕಟ್ಟಿಕೊಂಡ.

"ಈಗ ನಾನೇ ಮೀನ್," ಎಂದು ಉದ್ದಿನ ಚೀಲಗಳ ನಡುವೆ ಓಡತೊಡಗಿದ.

ಬಲಕ್ಕೆ ಓಡಿದಾಗ ನಾನು ಕೋಲನ್ನು ಮೇಲೆತ್ತಿ ಎಳೆದೆ. ಗಾಡಿ ವಾಲಿ ನಾನು ಈರುಳ್ಳಿ ಚೀಲದ ಮೇಲೆ ಬಿದ್ದೆ. ಮತ್ತೆ ಕೂತೆ. ಎಡಕ್ಕೆ ಓಡಿದ, ಮತ್ತೆ ಬಿದ್ದೆ. ಮೂರನೆಯ ಸಲ ಅವನು ನೇರ ಮುಂದಕ್ಕೆ ಓಡಿದ. ಗಾಡಿ ಸುಮ್ಮನೆ ಅವನ ಹಿಂದೆ ಉರುಳಿತು.

"ಕಂಡ್ಯಾ? ದಾರ ಯಾವತ್ತೂ ದೋಣಿ ಮೂತಿ ಮೇಲೇ ಇರ್ಕ್. ಅಡ್ಡ ಬಂತ್ ಅಂದ್ರೆ ಮಗುಚ್ಕಂತ್. ಮೀನ್ ಎಳಿವತಿಗೆ ನೀ ಎಳುಕಾಗ. ದೋಣಿಯನ್ನ ಅದೇ ಎಳ್ಕಂಡ್ ಹೋಯ್ಲಿ. ನಿನ್ ಭಾರ ಎಳ್ದ್ ಎಳ್ದ್ ಅದಕ್ಕೇ ಸಾಕಾತ್ತ್."

ಹೀಗೆ ಒಂದೊಂದೇ ಸೇರುತ್ತ ಹೋಯಿತು. ಕೋಲು ತಗ್ಗಿಸಿ ಹಿಡಿ, ಎತ್ತಬೇಡ. ತಲೆ ದೋಣಿಯ ಅಂಚು ದಾಟಿ ಹೊರಗೆ ಹೋಗಬಾರದು, 'ಮೂಗ್ ಹೊಕ್ಕುಳ ಮೇಲೇ ಇರ್ಕ್'. ಮೀನು ದೋಣಿಯ ಅಡಿಗೆ ನುಗ್ಗಿದರೆ ಹೆದರಿ ಹಿಂದಕ್ಕೆ ಬಾಗಬೇಡ, ಕೋಲಿನ ತುದಿಯನ್ನೇ ನೀರಿನಲ್ಲಿ ಮುಳುಗಿಸಿ, ಮೂತಿಯ ಸುತ್ತ ತಂದು ಆಚೆ ಬದಿಗೆ ಹಾಕು. ಲಂಗರಿನ ಕಲ್ಲಿನ ಹಗ್ಗಕ್ಕೆ ಖಾಲಿ ಡಬ್ಬ ಕಟ್ಟಿರು, ಮೀನು ಕಚ್ಚಿದ ಕೂಡಲೇ ಡಬ್ಬ ಸಮೇತ ನೀರಿಗೆ ಎಸೆ, ಆಮೇಲೆ ಬಂದು ಹೆಕ್ಕಿಕೊಂಡರಾಯಿತು. ದಾರ ಹಿಡಿದು ಮೀನನ್ನು ಎಂದೂ ಎತ್ತಬೇಡ. ಅದು ತಾನಾಗಿ ಮಗ್ಗುಲಾಗುವವರೆಗೆ ಕಾದು, ಕೈಬಲೆಯನ್ನು ತಲೆಯ ಕಡೆಯಿಂದ ತೂರಿಸು. ಹೋಟೆಲಿನ ಶೆಟ್ರು ಒಂದು ದಿನ ಉಗ್ರಾಣದ ಬಾಗಿಲಲ್ಲಿ ನಿಂತು ನೋಡಿ, "ಎಂತ ಸುಂದರ, ಸಂಜೆಗೆ ಗೋಳಿಬಜೆ ಉಂಟಾ ಇಲ್ವಾ?" ಎಂದಷ್ಟೇ ಕೇಳಿ ಹೋದರು.

ಗಾಡಿಯ ಮೇಲೆ ಎಲ್ಲ ಸರಿಯಾಯಿತು. ನೀರಿನ ಮೇಲೆ ಆಗಲಿಲ್ಲ. ಕಯಾಕ್‌ನಲ್ಲಿ ಎರಡೂ ಪಾದಗಳನ್ನು ಒತ್ತಿಕೊಳ್ಳಲು ಎರಡು ಏಣು ಇರುತ್ತವೆ. ಮೀನು ಎಳೆದಾಗ ಅಲ್ಲಿ ಒತ್ತಿ ಮೈ ನೆಟ್ಟಗೆ ಇಟ್ಟುಕೊಳ್ಳಬೇಕು. ನನ್ನ ಬಲಗಾಲು ಒತ್ತುತ್ತಿತ್ತು, ಎಡಗಾಲು ಜಾರಿ ಹೋಗುತ್ತಿತ್ತು. ಒಂದೇ ಕಡೆ ಒತ್ತಿದಾಗ ಸೊಂಟ ತಿರುಚಿ ದೋಣಿ ವಾಲುತ್ತಿತ್ತು. ಎರಡು ಕಿಲೋದ ರೋಹು ಮೀನು ಕೂಡ ನನ್ನನ್ನು ಅಲ್ಲಾಡಿಸಿ ಬಿಡಿಸಿಕೊಂಡು ಹೋಯಿತು. ಮೆಟ್ಟಿಲ ಮೇಲೆ ಕೂತ ಮಂಡಳಿಯವರು 'ಚ್ಚು ಚ್ಚು' ಎನ್ನುವುದು ನೀರಿನ ಮೇಲೆ ಸ್ಪಷ್ಟವಾಗಿ ಕೇಳುತ್ತಿತ್ತು.

ಆ ಸದ್ದು ಕೇಳಿ ಕೇಳಿ ನಾನು ಒಂದು ಮೂರ್ಖ ಕೆಲಸ ಮಾಡಿದೆ. ಮಿಲ್ಲಿನಿಂದ ಬಣ್ಣ ಹಾಕದ ಬಟ್ಟೆಯ ಒಂದು ಪಟ್ಟಿ ತಂದು, ಸುಂದರಣ್ಣನಿಗೂ ಹೇಳದೆ, ಕ್ಯಾಲಿಪರ್ ಬಿಚ್ಚಿದ ಎಡಗಾಲನ್ನು ಆ ಪಾದದ ಏಣಿನ ಜೊತೆ ಸೇರಿಸಿ ಬಿಗಿದು ಕಟ್ಟಿದೆ. ಆ ದಿನ ಒಂದು ದೊಡ್ಡ ಮೀನು ಅಡ್ಡಕ್ಕೆ ಎಳೆಯಿತು. ದೋಣಿ ಮಗುಚಿತು. ನಾನು ಅದರ ಕೆಳಗೆ, ತಲೆ ಕೆಳಗಾಗಿ, ಒಂದು ಕಾಲು ಮೇಲೆ ಕಟ್ಟಿಸಿಕೊಂಡು ನೇತಾಡುತ್ತಿದ್ದೆ. ನೆನೆದ ಗಂಟು ಉಗುರಿಗೆ ಸಿಗಲಿಲ್ಲ. ಹಸಿರು ನೀರು, ಕಿವಿಯೊಳಗೆ ನನ್ನದೇ ಎದೆಬಡಿತ. ಇಲ್ಲೇ ಸಾಯುತ್ತೇನೆ ಎಂದುಕೊಂಡೆ. ಅಷ್ಟರಲ್ಲಿ ಕಾಲು ತಾನೇ ಗಂಟಿನಿಂದ ಜಾರಿ ಹೊರಬಂತು. ಮಣಿಕಟ್ಟಿನಷ್ಟೇ ದಪ್ಪದ ಕಾಲು ಅದು. ದಪ್ಪಗಿದ್ದಿದ್ದರೆ ಈ ಕಥೆ ಹೇಳಲು ನಾನು ಇರುತ್ತಿರಲಿಲ್ಲ.

ದಡಕ್ಕೆ ಬಂದಾಗ ಸುಂದರಣ್ಣ ಹೊಡೆಯುವುದೊಂದು ಬಾಕಿ.

"ದೋಣಿಗೆ ಮನ್ಷರನ್ನ ಕಟ್ಟುದಾ? ಬುದ್ಧಿ ಇತ್ತಾ ನಿಂಗೆ? ಸಮುದ್ರದಲ್ ನಂಗಳ್ ಹಗ್ಗ ಎಲ್ಲದಕ್ಕೂ ಕಟ್ತ್, ಮೈಗ್ ಮಾತ್ರ ಕಟ್ಟುದಿಲ್ಲೆ!" ಎಂದು ಕೂಗಿ, ಆಮೇಲೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡ.

ಕೆರ್ಸಿ ಅಂಕಲ್ ಕೂಗಲಿಲ್ಲ. ನನ್ನ ಹೆಗಲಿಗೆ ಟವೆಲ್ ಹೊದಿಸಿ, ಗೇಟಿನ ಕಡೆ ಕೈ ತೋರಿಸಿದರು. "ಬಸ್, ಡಿಕರಿ. ಫಿನಿಶ್. ನಾಳೆಯಿಂದ ಬರಬೇಡ. ನಿನಗೆ ಏನಾದರೂ ಆದರೆ ನನಗೆ ನಿದ್ದೆ ಬರುವುದಿಲ್ಲ."

ತಪ್ಪು ನನ್ನದೇ ಎಂಬುದು ನನಗೆ ಗೊತ್ತಿತ್ತು. ಆದರೆ ಅದೇ ವರ್ಷ ಅವರ ಮಂಡಳಿಯ ಇಬ್ಬರು ಗಂಡಸರು ಮಗುಚಿ ಬಿದ್ದಿದ್ದರು. ಅವರಿಗೆ ಮೆಟ್ಟಿಲ ಮೇಲೆ ಚಹಾ ಸಿಕ್ಕಿತ್ತು. ನನಗೆ ಬೀಗ ಸಿಕ್ಕಿತು. ನಿದ್ದೆ ಅವರದು, ನದಿ ಯಾರದ್ದೂ ಅಲ್ಲವಲ್ಲ.

ಮುಂದಿನ ರಜೆಯ ದಿನ ದೋಣಿಯನ್ನು ಟೆಂಪೊಗೆ ಹೇರಿ, ನಾನೂ ಸುಂದರಣ್ಣನೂ ದಂಡೆಯುದ್ದಕ್ಕೂ ಬೇರೆ ಜಾಗ ಹುಡುಕುತ್ತ ಹೋದೆವು. ಮೇಲುಗಡೆ, ಒಂದು ಹಳ್ಳಿಯಂಥ ಬೀದಿಯ ಕೊನೆಯಲ್ಲಿ ಎಮ್ಮೆಗಳನ್ನು ನೀರಿಗೆ ಇಳಿಸುವ ಕೆಸರಿನ ಇಳಿಜಾರು ಸಿಕ್ಕಿತು. ಎಮ್ಮೆ ಸಾಕಿದ ಮುದುಕಿ ರತನ್‌ಬೆನ್‌ಗೆ ಹಿಂದಿ ಬರದು, ನನಗೆ ಗುಜರಾತಿ ಅರೆಬರೆ. ದೋಣಿಯನ್ನೂ ನನ್ನನ್ನೂ ತೋರಿಸಿ, ಇಡಬಹುದಾ ಎಂದು ಕೇಳಿದೆ. ಅವಳು ನನ್ನ ಕಾಲು ನೋಡಲಿಲ್ಲ, ದೋಣಿಯನ್ನು ಬಡಿದು ನೋಡಿದಳು. ಎಮ್ಮೆಗೆ ನೀರು ಕುಡಿಸಲು ಇದು ಒಳ್ಳೆಯ ಬಾನಿ ಎಂದಳು. ವಾರದಲ್ಲಿ ಆರು ದಿನ ಬಾನಿ, ಒಂದು ದಿನ ದೋಣಿ. ಒಪ್ಪಂದವಾಯಿತು.

ಕಾಲಿನ ಸಮಸ್ಯೆಗೆ ಪರಿಹಾರ ಮಿಲ್ಲಿನಲ್ಲೇ ಇತ್ತು. ನೂಲಿನ ಕೋನ್‌ಗಳು ಬರುವ ಪೆಟ್ಟಿಗೆಗಳಲ್ಲಿ ದಪ್ಪ ಸ್ಪಂಜಿನ ಹಾಳೆಗಳಿರುತ್ತವೆ. ಅವನ್ನು ಕತ್ತರಿಸಿ, ಸೀಟಿನ ಎಡಬಲಕ್ಕೆ ಸೊಂಟದ ಅಳತೆಗೆ ಬೆಣೆಯಂತೆ ತುರುಕಿದೆ. ಪಾದದ ಕೆಲಸ ಸೊಂಟ ಮಾಡತೊಡಗಿತು. ಮಗುಚಿದರೆ ಸ್ಪಂಜು ಕಳಚಿಕೊಳ್ಳುತ್ತದೆ, ನಾನೂ ಕಳಚಿಕೊಳ್ಳುತ್ತೇನೆ. ಸೊಂಟದಷ್ಟು ನೀರಿನಲ್ಲಿ ಬೇಕೆಂದೇ ಇಪ್ಪತ್ತು ಸಲ ಮಗುಚಿದೆ. ಇಪ್ಪತ್ತು ಸಲವೂ ಮತ್ತೆ ಹತ್ತಿದೆ. ಎಮ್ಮೆಗಳು ಪಕ್ಕದಲ್ಲೇ ಮೂಗು ಮಾತ್ರ ಹೊರಗಿಟ್ಟು ನೋಡುತ್ತಿದ್ದವು. ಅವು 'ಚ್ಚು ಚ್ಚು' ಎನ್ನಲಿಲ್ಲ.

ಡಿಸೆಂಬರ್ ಹೀಗೇ ಕಳೆಯಿತು. ನದಿಗೆ ಬಿಳಿ ಹಕ್ಕಿಗಳು ಬಂದವು. ಕಾಜ್‌ವೇ ಮೇಲೆ ಜನ ಅವಕ್ಕೆ ಕಡಲೆಹಿಟ್ಟಿನ ಕರಿದ ಗಾಂಠಿಯಾ ಎಸೆಯುತ್ತಿದ್ದರು. ದಂಡೆಯ ಅಂಗಡಿಗಳಲ್ಲಿ ಎಳೆ ಜೋಳದ ಪೋಂಕ್ ಹುರಿಯುವ ವಾಸನೆ. ನಾನು ಸಣ್ಣ ರೋಹುಗಳನ್ನು ಹಿಡಿದು ಹಿಡಿದು ಬಿಟ್ಟೆ. ಕೈಗಳು ಕಲಿತವು. ಕಟಾಂಜನ ಹಿಡಿದು ಮೆಟ್ಟಿಲು ಹತ್ತಿ ಹತ್ತಿ, ಬಸ್ಸಿನ ಕಂಬಿ ಹಿಡಿದು ಜೋತು ಗಟ್ಟಿಯಾದ ಕೈಗಳು ಅವು.

ನಮ್ಮ ಸಂಕ್ರಾಂತಿಗೆ ಅಲ್ಲಿ ಉತ್ತರಾಯಣ ಎನ್ನುತ್ತಾರೆ, ಅದರ ಮರುದಿನ. ಹಿಂದಿನ ದಿನವೆಲ್ಲ ಸೂರತ್ತಿನ ಆಕಾಶ ಗಾಳಿಪಟಗಳಿಂದ ತುಂಬಿತ್ತು. ಕಡಿದುಹೋದ ಪಟಗಳ ಮಾಂಜಾ ದಾರ ಮರಗಳಲ್ಲಿ, ತಂತಿಗಳಲ್ಲಿ, ನೀರಿನ ಮೇಲೆ ಎಲ್ಲೆಲ್ಲೂ ಜೋತಾಡುತ್ತಿತ್ತು. ಮಿಲ್ಲಿಗೆ ರಜೆ. ಬೆಳಿಗ್ಗೆ ಮಂಜು ಇನ್ನೂ ಕರಗಿರಲಿಲ್ಲ. ಕ್ಯಾಲಿಪರ್ ಬಿಚ್ಚಿ ಸುಂದರಣ್ಣನ ಕೈಗೆ ಕೊಟ್ಟು ನೀರಿಗಿಳಿದೆ. ಗಾಳಕ್ಕೆ ಕಡಲೆಹಿಟ್ಟು, ಶೇಂಗಾ ಹಿಂಡಿ, ಹೋಟೆಲಿನ ಇಂಗು ಕಲಸಿದ ಉಂಡೆ.

ಬೆಂಡು ಒಮ್ಮೆ ಕುಣಿಯಿತು, ಆಮೇಲೆ ಮಾಯವಾಯಿತು. ನಾನು ಡಬ್ಬ ಎಸೆದೆ. ರೀಲು ಕಿರುಚಿತು. ದೋಣಿ ಗರ್ರನೆ ತಿರುಗಿ ಹೊರಟಿತು, ಯಾರೋ ಹಗ್ಗ ಕಟ್ಟಿ ಎಳೆದುಕೊಂಡು ಹೋದಂತೆ. ಎಳೆಯಲಿಲ್ಲ ನಾನು. ಕೋಲು ತಗ್ಗಿಸಿ, ದಾರ ಮೂತಿಯ ಮೇಲಿರುವಂತೆ ಬಲಗೈಯಲ್ಲಿ ನೀರು ಸವರಿ ದೋಣಿಯನ್ನು ನೇರ ಮಾಡುತ್ತ ಕೂತೆ. ಕಟ್ಲಾ ಅರ್ಧ ಗಂಟೆ ನನ್ನನ್ನು ತಿರುಗಿಸಿತು. ಎಲ್ಲಿಗೆ ಒಯ್ಯುತ್ತಿದೆ ಎಂದು ಮಂಜು ಸರಿದಾಗ ಕಂಡಿತು. ಮಂಡಳಿಯ ಮೆಟ್ಟಿಲುಗಳ ಎದುರಿಗೇ ಬಂದಿದ್ದೆ.

ಮೆಟ್ಟಿಲ ಮೇಲೆ ಕೂಗಾಟ ಎದ್ದಿತು. ಕೆರ್ಸಿ ಅಂಕಲ್ ಮೋಟಾರು ದೋಣಿ ಹತ್ತಿ ನನ್ನತ್ತ ಬಂದರು. "ಡಿಕರಿ, ಕಾಟ್ ಡಾಲೋ! ದಾರ ಕತ್ತರಿಸು! ನಾನು ಹಿಡಿದುಕೊಳ್ಳುತ್ತೇನೆ!"

ಇಂಜಿನ್ನಿನ ಸದ್ದಿಗೆ ಬೆದರಿ ಮೀನು ನೇರ ನನ್ನ ದೋಣಿಯ ಅಡಿಗೆ ನುಗ್ಗಿತು. ಕೋಲು ಬಿಲ್ಲಿನಂತೆ ಬಾಗಿ ಅಂಚಿಗೆ ತಾಗಿತು. ನಾನು ಅದರ ತುದಿಯನ್ನು ನೀರಿಗೆ ಅದ್ದಿ, ಮೂತಿಯ ಸುತ್ತ ತಂದು ಆಚೆಗೆ ಹಾಕಿದೆ. ತಲೆಯೆತ್ತಿದರೆ ಎದುರಿಗೆ ನೀರಿನ ಮೇಲೆ ಬಿದ್ದಿದ್ದ ಗುಲಾಬಿ ಬಣ್ಣದ ಮಾಂಜಾ ನನ್ನ ದಾರದತ್ತ ತೇಲಿ ಬರುತ್ತಿತ್ತು. ಗಾಜಿನ ಪುಡಿ ಹಚ್ಚಿದ ಆ ದಾರ ಒಮ್ಮೆ ತಾಗಿದರೆ ಎಲ್ಲ ಮುಗಿಯಿತು. ಕೋಲನ್ನು ಮೊಣಕೈವರೆಗೆ ಮುಳುಗಿಸಿದೆ. ಮಾಂಜಾ ಮೇಲಿನಿಂದ ಸರಿದು, ನನ್ನ ತೋಳಿಗೆ ಒಂದು ಗೆರೆ ಕೊಯ್ದು ಹೋಯಿತು.

ನಾನು ಕೂಗಿದೆ. ಅಷ್ಟು ಜೋರಾಗಿ ಯಾರ ಮೇಲೂ ಕೂಗಿರಲಿಲ್ಲ. "ಇಂಜಿನ್ ಬಂದ್ ಕರೋ! ಪಾಸ್ ಮತ್ ಆನಾ! ಹತ್ತಿರ ಬಂದರೆ ನೀವೇ ನನ್ನನ್ನು ಮುಳುಗಿಸುತ್ತೀರಿ!"

ಇಂಜಿನ್ ನಿಂತಿತು. ಅವರು ಇಪ್ಪತ್ತು ಅಡಿ ದೂರದಲ್ಲಿ, ಟೋಪಿ ಕೈಯಲ್ಲಿ ಹಿಡಿದು, ಏನೂ ಮಾಡಲಾಗದೆ ಕೂತರು. ಏನೂ ಮಾಡದೆ ಕೂರುವುದು ಅವರಿಗೆ ಎಷ್ಟು ಕಷ್ಟವಾಯಿತೆಂದು ಮುಖದಲ್ಲಿ ಕಾಣುತ್ತಿತ್ತು.

ಕೊನೆಗೆ ಕಟ್ಲಾ ಮಗ್ಗುಲಾಯಿತು. ಬೆಳ್ಳಿಯ ಪರಾತದಂಥ ಹೊಟ್ಟೆ, ಮುಷ್ಟಿ ಹೋಗುವಷ್ಟು ದೊಡ್ಡ ಬಾಯಿ. ಕೈಬಲೆಗೆ ತಲೆ ಮಾತ್ರ ಹಿಡಿಸಿತು. ಅದು ಬಲಗಡೆ ಇತ್ತು, ಅದರತ್ತ ಬಾಗಿದರೆ ಮಗುಚುತ್ತೇನೆ. ಆದ್ದರಿಂದ ಎಡಗಡೆಯ ಸ್ಪಂಜಿಗೆ ಸೊಂಟ ಒತ್ತಿ, ಮೀನಿನಿಂದ ದೂರಕ್ಕೆ ವಾಲಿ, ಬಲೆಯನ್ನು ಜಾರಿಸಿಕೊಂಡೆ. ದೋಣಿ ವಾಲಿದ ಭರಕ್ಕೆ ಮೀನು ತಾನೇ ಜಾರಿ ನನ್ನ ಮಡಿಲಿಗೆ ಬಿತ್ತು. ಪೋಲಿಯೊ ಕಾಲಿಗೆ ಬಲ ಇರುವುದಿಲ್ಲ, ಆದರೆ ಸ್ಪರ್ಶ ಪೂರ್ತಿ ಇರುತ್ತದೆ. ಬಹಳ ಜನಕ್ಕೆ ಇದು ಗೊತ್ತಿಲ್ಲ. ಆ ಮೀನಿನ ತಣ್ಣನೆಯ ಭಾರ, ಅದರ ಕೊನೆಯ ಒದೆತಗಳು, ಎರಡೂ ಕಾಲಿಗೆ ಒಂದೇ ಸಮನಾಗಿ ತಾಗಿದವು.

ಎಮ್ಮೆ ಘಾಟಿಗೆ ನಾನೇ ಹುಟ್ಟು ಹಾಕಿಕೊಂಡು ಮರಳಿದೆ. ಕೆರ್ಸಿ ಅಂಕಲ್ ದೂರದಿಂದ ಹಿಂಬಾಲಿಸಿ ಬಂದರು. ದೋಣಿ ಕೆಸರಿಗೆ ತಾಗಿದಾಗ ಅವರು ಬಿಳಿ ಚಡ್ಡಿಯಲ್ಲೇ ನೀರಿಗೆ ಇಳಿದು, ನನ್ನನ್ನು ಎತ್ತಿಕೊಳ್ಳಲು ಎರಡೂ ತೋಳು ಚಾಚಿದರು.

"ಬೇಡ ಅಂಕಲ್."

ದಂಡೆಯವರೆಗೆ ಹತ್ತು ಮಾರು ಕೆಸರು. ಕ್ಯಾಲಿಪರ್ ಅಲ್ಲಿ ಹೂತುಹೋಗುತ್ತದೆ. ಆದ್ದರಿಂದ ದೋಣಿಯಿಂದ ಜಾರಿ, ಎರಡೂ ಕೈ ಊರಿ, ಮೀನನ್ನು ಹಗ್ಗದಲ್ಲಿ ಸೊಂಟಕ್ಕೆ ಸಿಕ್ಕಿಸಿ ಎಳೆಯುತ್ತ ತೆವಳಿದೆ. ಊರಿನಲ್ಲಿ ನಾನು ತೆವಳುವುದನ್ನು ಅಮ್ಮ ಯಾರಿಗೂ ತೋರಿಸುತ್ತಿರಲಿಲ್ಲ. ಅವತ್ತು ರತನ್‌ಬೆನ್, ಅವಳ ಸೊಸೆಯಂದಿರು, ಕೆರ್ಸಿ ಅಂಕಲ್, ಎಂಟು ಎಮ್ಮೆಗಳು, ಎಲ್ಲರ ಎದುರಿಗೆ ತೆವಳಿದೆ. ಆತುರಪಡಲಿಲ್ಲ. ಸುಂದರಣ್ಣ ಒಂದು ಹೆಜ್ಜೆಯೂ ಮುಂದೆ ಬರಲಿಲ್ಲ. ಕೈಕಟ್ಟಿ ನಿಂತು, "ಮೀನಿನ ಕಿವಿರಿಗ್ ಕೆಸ್ರ್ ಹೋತ್ತ್, ಅದ್ರ್ ಮಂಡೆ ಮೇಲ್ ಮಾಡಿ ಹಿಡ್ಕೊ," ಎಂದಷ್ಟೇ ಹೇಳಿದ.

ದಂಡೆಯ ಮೇಲೆ ಕೂತಾಗ ಕೆರ್ಸಿ ಅಂಕಲ್ ನನ್ನ ಪಕ್ಕದಲ್ಲೇ ಕೆಸರಿನಲ್ಲಿ ಕೂತರು. ಮುಟ್ಟಲೇ ಎಂದು ಕೇಳಿ ಮೀನಿನ ಹುರುಪೆಯ ಮೇಲೆ ಬೆರಳಾಡಿಸಿದರು. "ನಾಳೆಯಿಂದ ಗೇಟು ತೆರೆದಿರುತ್ತದೆ, ಡಿಕರಿ. ಫಾರಂ ಗೀರಂ ಏನೂ ಬೇಡ."

"ನೀವು ಇಲ್ಲಿಗೇ ಬನ್ನಿ ಅಂಕಲ್," ಎಂದೆ. "ಈ ಘಾಟಿಗೆ ಗೇಟೇ ಇಲ್ಲ."

ಅವರು ಬಂದರು ಕೂಡ. ಮಾರ್ಚ್‌ವರೆಗೆ ಮೂರು ನಾಲ್ಕು ಸಲ, ತಮ್ಮ ಗಾಳ ಹಿಡಿದು, ರತನ್‌ಬೆನ್ ಸಾಕಿದ ಎಮ್ಮೆಗಳ ನಡುವೆ ದಾರಿ ಮಾಡಿಕೊಂಡು ಬಂದರು. ಬೇಸಿಗೆಯಲ್ಲಿ ಮಿಲ್ಲಿನವರು ನನ್ನನ್ನು ಅಹಮದಾಬಾದಿನ ವಟ್ವಾದ ತಮ್ಮ ಘಟಕಕ್ಕೆ ಕಳಿಸಿದರು. ಕಯಾಕ್ ಪೂರ್ತಿ ಬಾನಿಯಾಯಿತು.

ಕಟ್ಲಾ ಹಿಡಿದ ಆ ದಿನ ಮೀನನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಉಧನಾದಲ್ಲಿ ನೆಲೆಸಿದ್ದ ಸುಂದರಣ್ಣನ ಅಕ್ಕನ ಮನೆಗೆ ಒಯ್ಯಲು ಶೇರ್ ಆಟೋ ಹತ್ತಿದೆವು. ನಾವಿದ್ದ ಕಡೆ ಸಸ್ಯಾಹಾರಿಗಳೇ ಹೆಚ್ಚು, ಮೀನು ಒಯ್ಯುವವರು ಅದನ್ನು ಮೂರು ಪದರ ಪೇಪರಿನಲ್ಲಿ ಮುಚ್ಚಿ, ಯಾರಾದರೂ ಕೇಳಿದರೆ ತರಕಾರಿ ಎನ್ನುತ್ತಿದ್ದರು. ಗೋಣಿ ಸೋರುತ್ತಿತ್ತು. ಬಾಲ ಒಂದು ಗೇಣು ಹೊರಗಿತ್ತು. ಎದುರು ಸೀಟಿನ ಹೆಂಗಸು ಸೀರೆಯ ಅಂಚು ಎತ್ತಿಕೊಂಡು ಕಾಲು ಹಿಂದೆ ತೆಗೆದಳು. ಸುಂದರಣ್ಣ ಗೋಣಿಯ ಬಾಯಿ ಮುಚ್ಚಲು ಹೋದ. ಬೇಡ ಎಂದು ನಾನು ಅವನ ಕೈ ತಡೆದೆ.

"ಕ್ಯಾ ಹೈ ಇಸ್‌ಮೇ?" ಎಂದು ಅವಳು ಗೋಣಿ ತೋರಿಸಿ ಕೇಳಿದಳು.

"ಮಛಲಿ," ಎಂದೆ, ಡ್ರೈವರಿಗೂ ಕೇಳುವ ಹಾಗೆ. "ಮೈನೇ ಪಕಡೀ." ನಾನೇ ಹಿಡಿದದ್ದು.

ಅವಳು ಮೂಗಿಗೆ ಸೆರಗು ಹಿಡಿದಳು. ಕೆಸರು ಮೆತ್ತಿದ ನನ್ನ ಕೈಗಳನ್ನು ನೋಡಿದಳು, ತೋಳಿನ ಮೇಲಿನ ರಕ್ತದ ಗೆರೆ ನೋಡಿದಳು, ಸೋರುತ್ತಿದ್ದ ಗೋಣಿ ನೋಡಿದಳು. ಶೇರ್ ಆಟೋದಲ್ಲಿ ಎದುರು ಕೂತವರು ಕಾಲಿಗೇನಾಯಿತು ಎಂದೇ ಕೇಳುವುದು. ಉತ್ತರ ಬಾಯಿಪಾಠವಾಗಿತ್ತು, ಹೇಳಲು ಸಿದ್ಧಳಾದೆ.

"ಇಷ್ಟು ದೊಡ್ಡದನ್ನ ಒಬ್ಬಳೇ ಹೇಗೆ ಎಳೆದೆ?" ಎಂದು ಕೇಳಿದಳು ಸೆರಗಿನ ಹಿಂದಿನಿಂದ.

"ಎಳೆಯಲಿಲ್ಲ," ಎಂದು ಶುರು ಮಾಡಿದೆ. ಉಧನಾ ಬರುವವರೆಗೂ ಹೇಳಿದೆ.